ಮುಲ್ಕೋವಾಲದ ಸೀಸೆ

ರಾಜ್ಯೋತ್ಸವದ ಸಂಚಿಕೆಗಳಲ್ಲಿ ಕದಂಬ, ಚಾಲುಕ್ಯ, ಹೊಯ್ಸಳರ ಕೀರ್ತಿಯನ್ನೂ ಏಕೀಕರಣಕ್ಕಾಗಿ ದುಡಿದ ಹಿರಿಯರ ತ್ಯಾಗವನ್ನೂ ನೆನೆಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅದು ತಕ್ಕುದೇ ಸರಿ. ಆದರೆ ಅರಸರಿಗೆ ಚರಿತ್ರೆ ಇರುವಂತೆ ರೋಗಗಳಿಗೂ ಔಷಧಗಳಿಗೂ ಚರಿತ್ರೆಯುಂಟು. ಆ ಚರಿತ್ರೆಯಲ್ಲಿ ಶಿಲಾಶಾಸನಗಳ ಬದಲು ಸೀಸೆಗಳ ಮೇಲೆ ಬರೆದ ಅಂಕಿಗಳೂ ಆಸ್ಪತ್ರೆಯ ದಫ್ತರಗಳೂ ಸಾಕ್ಷಿ ನುಡಿಯುತ್ತವೆ. ನಾವು ನೆಲಸಿರುವ ಈ ಮುಂಬಯಿಯಲ್ಲಿ ಹುಟ್ಟಿ, ಹುಬ್ಬಳ್ಳಿ-ಧಾರವಾಡಗಳವರೆಗೆ ಹಬ್ಬಿ, ದೂರದ ಪಂಜಾಬಿನ ಒಂದು ಹಳ್ಳಿಯಲ್ಲಿ ದುಃಖದ ತಿರುವನ್ನು ಪಡೆದ ಅಂತಹದೊಂದು ಚರಿತ್ರೆಯನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಔಷಧದಿಂದ ತೊಂದರೆಯಾದಾಗ ಅದನ್ನು ಯಾರು ಹೇಳಬೇಕು, ಹೇಗೆ ಹೇಳಬೇಕು, ಹೇಳಿದ್ದನ್ನು ಹೇಗೆ ಕೇಳಬೇಕು ಎಂಬ ಪ್ರಶ್ನೆಗಳಿಗೆ ಇದರಲ್ಲಿ ಉತ್ತರವಿದೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾಕ್ಟರ್ ಅಕಾಸಿಯೊ ವಿಯೆಗಾಸ್ ಎಂಬವರು ತಮ್ಮ ರೋಗಿಗಳಲ್ಲಿ ಒಂದು ಭಯಂಕರವಾದ ಜ್ವರವನ್ನು ಕಂಡರು. ಗಡ್ಡೆಗಳು ಏಳುತ್ತಿದ್ದವು, ಕೆಲವೇ ದಿನಗಳಲ್ಲಿ ರೋಗಿ ತೀರಿಕೊಳ್ಳುತ್ತಿದ್ದ. ಇದು ಪ್ಲೇಗು ಎಂದು ಅವರು ಧೈರ್ಯವಾಗಿ ಸಾರಿದರು. ಜನ ಊರು ಬಿಟ್ಟು ಓಡತೊಡಗಿದರು. ಸರಕಾರವು ಕಲಕತ್ತೆಯಲ್ಲಿದ್ದ ವಾಲ್ಡೆಮಾರ್ ಹಾಫ್‌ಕಿನ್ ಎಂಬ ಸೂಕ್ಷ್ಮಾಣು ಶಾಸ್ತ್ರಜ್ಞನನ್ನು ಅಕ್ಟೋಬರಿನಲ್ಲಿ ಮುಂಬಯಿಗೆ ಕರೆಯಿಸಿಕೊಂಡಿತು.

ಹಾಫ್‌ಕಿನ್ 1860ರಲ್ಲಿ ರಷ್ಯದ ಒಡೆಸ್ಸಾ ನಗರದಲ್ಲಿ ಹುಟ್ಟಿದ ಯೆಹೂದಿ; ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿದವನು. 1892ರಲ್ಲಿ ಕಾಲರಾ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡು, ಮರುವರ್ಷ ಭಾರತಕ್ಕೆ ಬಂದು ಸಾವಿರಾರು ಜನರಿಗೆ ಅದನ್ನು ಹಾಕಿದ್ದನು. ಮುಂಬಯಿಯಲ್ಲಿ ಅವನಿಗೆ ದೊರೆತದ್ದು ಬೈಕಳೆಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ ಮತ್ತು ಮೂವರು ಜವಾನರು. ಇಷ್ಟನ್ನೇ ಇಟ್ಟುಕೊಂಡು ಕೆಲವೇ ತಿಂಗಳುಗಳಲ್ಲಿ ಅವನು ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದನು. 1897ರ ಜನವರಿ 10ರಂದು ಅದನ್ನೂ ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಅದೇ ತಿಂಗಳ ಕೊನೆಗೆ ಬೈಕಳೆಯ ಸೆರೆಮನೆಯಲ್ಲಿ ರೋಗ ಕಾಣಿಸಿಕೊಂಡಾಗ ಒಪ್ಪಿದ ಕೈದಿಗಳಿಗೆ ಹಾಕಿ ನೋಡಿದನು. ಹಾಕಿಸಿಕೊಂಡವರಲ್ಲಿ ಸಾವು ಕಡಮೆಯಾಯಿತು.

ಆ ಲಸಿಕೆಯನ್ನು ಮಾಡುತ್ತಿದ್ದ ರೀತಿ ಕುತೂಹಲಕರವಾದದ್ದು. ಪರದೇಶದ ಪ್ರಯೋಗಶಾಲೆಗಳಲ್ಲಿ ಕ್ರಿಮಿಗಳನ್ನು ಗೋಮಾಂಸದ ಸಾರಿನಲ್ಲಿ ಬೆಳೆಯಿಸುವ ರೂಢಿಯಿತ್ತು. ಇಲ್ಲಿಯ ಜನ ಅದನ್ನು ಒಪ್ಪಲಾರರೆಂದು ಹಾಫ್‌ಕಿನ್ ಆಡಿನ ಮಾಂಸದ ಸಾರನ್ನು ಉಪಯೋಗಿಸಿದನು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟರೆ ಪ್ಲೇಗಿನ ಕ್ರಿಮಿಗಳು ಅವುಗಳಿಗೆ ಅಂಟಿಕೊಂಡು ಬಿಳಲುಗಳಂತೆ ಕೆಳಗಿಳಿದು ಬೆಳೆಯುತ್ತಿದ್ದವು. ಆಮೇಲೆ ಕಾವು ಕೊಟ್ಟು ಕ್ರಿಮಿಗಳನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲವನ್ನು ಬೆರೆಸಿ, ಸೀಸೆಗಳಲ್ಲಿ ತುಂಬಿ, ಬಿರಡೆ ಹಾಕಿ ಕಳುಹಿಸುತ್ತಿದ್ದರು. ಪ್ರತಿ ಸೀಸೆಗೂ ಒಂದು ಸಂಖ್ಯೆ. ಈ ಸಂಖ್ಯೆಯ ಮಾತು ನೆನಪಿನಲ್ಲಿರಲಿ. 1899ರಲ್ಲಿ ಪ್ರಯೋಗಶಾಲೆ ಪರೇಲಿನ ಹಳೆಯ ಗವರ್ನರರ ಬಂಗಲೆಗೆ ಸಾಗಿತು. ಇಂದು ಆಚಾರ್ಯ ದೊಂದೆ ಮಾರ್ಗದಲ್ಲಿ ಹಾಫ್‌ಕಿನ್ ಸಂಸ್ಥೆ ಎಂದು ನಾವು ಕಾಣುವುದು ಅದನ್ನೇ. ಅದಕ್ಕೆ ಅವನ ಹೆಸರು ಬಂದದ್ದು 1925ರಲ್ಲಿ.

ಕನ್ನಡ ನಾಡಿಗೂ ಈ ಸೀಸೆಗಳಿಗೂ ಸಮೀಪದ ನಂಟು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ರೈಲಿನ ದಾರಿಯಲ್ಲಿ ಸರಕೂ ಜನರೂ ಬಂದಂತೆ ಪ್ಲೇಗೂ ಬಂದಿತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಅದೇ ವರ್ಷ ಆಗಸ್ಟಿನಲ್ಲಿ ಬೆಂಗಳೂರಿಗೂ ರೋಗ ತಗುಲಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಸಾಕು, ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಬಾಳಿದ ಆ ಕಾಲದ ಮಾತನ್ನು ನಮ್ಮ ಹಿರಿಯರು ಹೇಳುತ್ತಿದ್ದುದುಂಟು. ಎಷ್ಟೋ ಊರುಗಳಲ್ಲಿ ಪ್ಲೇಗಿನಮ್ಮನಿಗೆ ಗುಡಿಗಳೆದ್ದವು. ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿ ಮುಂಬಯಿಯಿಂದ ಲಸಿಕೆ ತರಿಸಿ, ಸಾವಿರ ಸಾವಿರ ಜನರಿಗೆ ಚುಚ್ಚಿ, ಚುಚ್ಚಿಸಿಕೊಂಡವರೆಷ್ಟು, ಚುಚ್ಚಿಸಿಕೊಳ್ಳದವರೆಷ್ಟು, ಎರಡು ಕಡೆಯೂ ಸತ್ತವರೆಷ್ಟು ಎಂದು ಲೆಕ್ಕವಿಟ್ಟನು. ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಮೆ ಎಂದು ಆ ಲೆಕ್ಕ ತೋರಿಸಿತು. ಈ ಲಸಿಕೆಯಿಂದ ಪ್ರಯೋಜನವುಂಟೆಂದು ಲೋಕಕ್ಕೆ ತಿಳಿಸಿದ ಪಟ್ಟಿಗಳಲ್ಲಿ ಹುಬ್ಬಳ್ಳಿಯದೂ ಒಂದೆಂಬುದು ನಮಗೆ ಅಭಿಮಾನದ ಸಂಗತಿ.

ಲಸಿಕೆಯ ಕೀರ್ತಿ ಹಬ್ಬಿದಂತೆ ಬೇಡಿಕೆಯೂ ಏರಿತು. 1902ರಲ್ಲಿ ಪಂಜಾಬಿನಲ್ಲಿ ರೋಗ ವಿಪರೀತವಾಗಿ, ಅಲ್ಲಿಯ ಸರಕಾರ ಲಕ್ಷಗಟ್ಟಲೆ ಜನರಿಗೆ ಲಸಿಕೆ ಹಾಕಲು ಹೊರಟಿತು. ಪರೇಲಿನಲ್ಲಿ ಹಗಲಿರುಳೂ ಕೆಲಸ ನಡೆದರೂ ಸಾಲದಾಯಿತು. ಬೇಗ ಬೇಗ ತಯಾರಿಸುವುದಕ್ಕಾಗಿ ಹಾಫ್‌ಕಿನ್ ಒಂದು ಹೊಸ ಕ್ರಮವನ್ನು ಹಿಡಿದನು. ಅದರಲ್ಲಿ ಕಾರ್ಬಾಲಿಕ್ ಆಮ್ಲವನ್ನು ಬೆರೆಸುವುದನ್ನು ಬಿಟ್ಟು ಕಾವಿನ ಮೇಲೆಯೇ ಭರವಸೆಯಿಡಲಾಯಿತು.

1902ರ ಅಕ್ಟೋಬರ್ 30ರಂದು ಪಂಜಾಬಿನ ಗುಜರಾತ್ ಜಿಲ್ಲೆಯ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಆ ಹಳ್ಳಿ ಈಗ ಪಾಕಿಸ್ತಾನದಲ್ಲಿದೆ. ಅಂದು ಒಡೆದ ಸೀಸೆಗಳು ಐದು. ಸುಮಾರು ಒಂದು ವಾರ ಕಳೆಯುವಷ್ಟರಲ್ಲಿ ಅವರಲ್ಲಿ 19 ಜನರಿಗೆ ದವಡೆ ಬಿಗಿಯಿತು. ಮೈ ಬಿಲ್ಲಿನಂತೆ ಸೆಟೆಯಿತು. ಧನುರ್ವಾಯು ಹಿಡಿದು ಆ ಹತ್ತೊಂಬತ್ತು ಮಂದಿಯೂ ಸತ್ತರು. ಉಳಿದ 88 ಜನರಿಗೆ ಏನೂ ಆಗಲಿಲ್ಲ. ದಫ್ತರವನ್ನು ತೆರೆದು ನೋಡಿದಾಗ, ಸತ್ತವರೆಲ್ಲರಿಗೂ ಒಂದೇ ಸೀಸೆಯಿಂದ ಲಸಿಕೆ ಹಾಕಿದ್ದುದು ಗೊತ್ತಾಯಿತು. ಆ ಸೀಸೆಯ ಸಂಖ್ಯೆ 53-ಎನ್. ಪರೇಲಿನಲ್ಲಿ ಅದನ್ನು ತುಂಬಿ 41 ದಿನಗಳಾಗಿದ್ದವು.

ಸಂಖ್ಯೆಯನ್ನು ಬರೆದಿಟ್ಟಿದ್ದರಿಂದಲೇ ಇಷ್ಟು ತಿಳಿಯಿತೆಂಬುದನ್ನು ಗಮನಿಸಬೇಕು. ಯಾವ ಸೀಸೆಯಿಂದ ಯಾರಿಗೆ ಎಂಬ ದಾಖಲೆ ಇಲ್ಲದೆ ಹೋಗಿದ್ದರೆ, ಲಸಿಕೆಯೇ ವಿಷವೆಂದು ಜನ ತೀರ್ಮಾನಿಸಿಬಿಡುತ್ತಿದ್ದರು. ಇಲ್ಲವೇ ಹಳ್ಳಿಯವರ ಹಣೆಯ ಬರಹವೆಂದು ಅಧಿಕಾರಿಗಳು ಕೈತೊಳೆದುಕೊಳ್ಳುತ್ತಿದ್ದರು. ಕೆಟ್ಟದ್ದು ಲಸಿಕೆಯಲ್ಲ, ಒಂದು ಸೀಸೆ ಎಂಬ ವಿವೇಕವನ್ನು ಕೊಟ್ಟದ್ದು ಆ ಅಂಕಿ. ಆದರೆ ಮುಂದಿನ ಪ್ರಶ್ನೆ ಉಳಿಯಿತು: ಧನುರ್ವಾಯುವಿನ ಕ್ರಿಮಿ ಆ ಸೀಸೆಯೊಳಕ್ಕೆ ಹೊಕ್ಕದ್ದು ಎಲ್ಲಿ? ಪರೇಲಿನಲ್ಲಿಯೋ, ಮುಲ್ಕೋವಾಲದಲ್ಲಿಯೋ?

ಸರಕಾರವು ಮುಂಬಯಿಯ ಮುಖ್ಯ ನ್ಯಾಯಾಧೀಶರಾದ ಸರ್ ಲಾರೆನ್ಸ್ ಜೆಂಕಿನ್ಸ್ ಅವರ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ನೇಮಿಸಿತು. ಸೀಸೆಯನ್ನು ತೆರೆಯುವ ಮೊದಲೇ, ಎಂದರೆ ಪರೇಲಿನಲ್ಲಿಯೇ, ಅದು ಕೆಟ್ಟಿತ್ತೆಂದು ಆಯೋಗ ತೀರ್ಮಾನಿಸಿತು. ಕಾರ್ಬಾಲಿಕ್ ಆಮ್ಲವನ್ನು ಬಿಟ್ಟದ್ದು ದೊಡ್ಡ ತಪ್ಪಾಗಿ ಕಂಡಿತು. ಹಾಫ್‌ಕಿನ್‌ನನ್ನು ಕೆಲಸದಿಂದ ದೂರವಿಟ್ಟರು. ಅವನು ವೈದ್ಯ ಪದವಿ ಪಡೆದವನಲ್ಲ, ಇಂಗ್ಲಿಷಿನವನಲ್ಲ, ಮೇಲಾಗಿ ಯೆಹೂದಿ. ಪರವಾಗಿ ಮಾತನಾಡುವವರು ಕಚೇರಿಗಳಲ್ಲಿ ಕಡಮೆ. ಆಯೋಗದ ಕಾಗದಪತ್ರಗಳು ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು 1906ರ ಡಿಸೆಂಬರಿನಲ್ಲಿ, ಅನಾಹುತವಾದ ನಾಲ್ಕು ವರ್ಷಗಳ ಮೇಲೆ.

ಆ ಕಾಗದಗಳನ್ನು ಓದಿದ ಕೆಲವರು ವಿಸ್ಮಯಗೊಂಡರು. ಮಲೇರಿಯಾ ಹರಡುವ ರೀತಿಯನ್ನು ಕಂಡುಹಿಡಿದು ನೊಬೆಲ್ ಪಾರಿತೋಷಕ ಪಡೆದಿದ್ದ ರೊನಾಲ್ಡ್ ರಾಸ್ ಅವರಲ್ಲಿ ಒಬ್ಬರು. ಅವರು ಎತ್ತಿ ತೋರಿಸಿದ ಸಂಗತಿಗಳು ಸರಳವಾದವು. ಮುಲ್ಕೋವಾಲದಲ್ಲಿ ಆ ಸೀಸೆಯ ಬಿರಡೆಯನ್ನು ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅವನು ಅದನ್ನು ಬೆಂಕಿಯಲ್ಲಿ ಹಿಡಿಯದೆ, ಕಾರ್ಬಾಲಿಕ್ ದ್ರವದಲ್ಲಿ ಒಮ್ಮೆ ಆಡಿಸಿ, ಅದರಿಂದಲೇ ಬಿರಡೆಯನ್ನು ಕಿತ್ತಿದ್ದನು. ಧನುರ್ವಾಯುವಿನ ಕ್ರಿಮಿಗೆ ದನಕರುಗಳು ತಿರುಗುವ ಹಳ್ಳಿಯ ಮಣ್ಣೇ ತವರುಮನೆ. ಎರಡನೆಯದಾಗಿ, ಸೀಸೆಯನ್ನು ತೆರೆದ ವೈದ್ಯನು ಅದನ್ನು ಮೂಸಿ ನೋಡಿದ್ದನು, ವಾಸನೆ ಇರಲಿಲ್ಲ. ಆ ಕ್ರಿಮಿ 41 ದಿನ ಒಳಗೆ ಬೆಳೆದಿದ್ದರೆ ದ್ರವ ನಾರದೆ ಇರುವುದು ಸಾಧ್ಯವಿಲ್ಲ. ಮೂರನೆಯದಾಗಿ, ಅಷ್ಟು ದಿನ ಬೆಳೆದ ಕ್ರಿಮಿಯ ವಿಷ ಸೀಸೆಯ ತುಂಬ ಇದ್ದಿದ್ದರೆ ರೋಗ ಬಲು ಬೇಗ ತಲೆದೋರಬೇಕಿತ್ತು, ವಾರದವರೆಗೆ ಕಾಯುತ್ತಿರಲಿಲ್ಲ. ಇನ್ನು ಕಾರ್ಬಾಲಿಕ್ ಆಮ್ಲದ ಮಾತು. ಲಸಿಕೆಯಲ್ಲಿ ಬೆರೆಸುವಷ್ಟು ಅಲ್ಪ ಪ್ರಮಾಣದ ಆಮ್ಲದಿಂದ ಆ ಕ್ರಿಮಿಯ ಗಟ್ಟಿಯಾದ ಬೀಜಕಣಗಳು ಸಾಯುವುದೇ ಇಲ್ಲ.

1907ರ ಜುಲೈನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ರಾಸ್ ಮತ್ತು ಅವರೊಡನೆ ಹಲವು ಹೆಸರಾಂತ ವಿಜ್ಞಾನಿಗಳು ಸಹಿ ಮಾಡಿದ ಪತ್ರ ಪ್ರಕಟವಾಯಿತು. ಪಾರ್ಲಿಮೆಂಟಿನಲ್ಲಿಯೂ ಪ್ರಶ್ನೆಗಳೆದ್ದವು. ಆ ವರ್ಷದ ಕೊನೆಗೆ ಹಾಫ್‌ಕಿನ್ ನಿರ್ದೋಷಿಯಾಗಿ ಭಾರತಕ್ಕೆ ಮರಳಿದನು. ಆದರೆ ಪರೇಲಿಗಲ್ಲ, ಕಲಕತ್ತೆಗೆ. ಮೊದಲಿನ ಅಧಿಕಾರವೂ ಇಲ್ಲ, ಮೊದಲಿನ ಹುರುಪೂ ಇಲ್ಲ. ಕೆಲವು ವರ್ಷಗಳಲ್ಲಿ ನಿವೃತ್ತನಾಗಿ ಹೊರಟುಹೋಗಿ, 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ತೀರಿಕೊಂಡನು. ಅಷ್ಟರಲ್ಲಿ ಪಂಜಾಬಿನ ಜನ ಸೂಜಿಗೆ ಹೆದರಿ ದೂರ ಸರಿದಿದ್ದರು. ಲಸಿಕೆಯ ಕೆಲಸ ಕುಸಿಯಿತು. ಮುಂದಿನ ವರ್ಷಗಳಲ್ಲಿ ಆ ಪ್ರಾಂತದಲ್ಲಿ ಪ್ಲೇಗಿಗೆ ತುತ್ತಾದವರು ಲಕ್ಷಗಟ್ಟಲೆ. ಒಂದು ಸೀಸೆಯಿಂದ ಸತ್ತವರು ಹತ್ತೊಂಬತ್ತು. ಆ ಸೀಸೆಯ ನಿಜವನ್ನು ಬೇಗ ಬಿಡಿಸಿ ಹೇಳದೆ ಹೋದುದರಿಂದ ಸತ್ತವರೆಷ್ಟೋ, ಯಾರೂ ಎಣಿಸಲಾರರು.

ಚಿಮಟ ಬಿದ್ದ ಸಂಗತಿಯನ್ನು ಆ ಸಹಾಯಕ ಮುಚ್ಚಿಡಲಿಲ್ಲ. ಅದು ಕಾಗದದಲ್ಲಿತ್ತು. ಆದರೆ ತಪ್ಪಿತಸ್ಥನನ್ನು ಹುಡುಕಲು ಕುಳಿತವರಿಗೆ ಅದು ಸಣ್ಣ ಮಾತಾಗಿ ಕಂಡಿತು. ತಪ್ಪು ಯಾರದು ಎಂದು ಮೊದಲು ಕೇಳುವವನಿಗೂ, ಏನು ನಡೆಯಿತು ಎಂದು ಮೊದಲು ಕೇಳುವವನಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಔಷಧದ ತೊಂದರೆಯನ್ನು ವರದಿ ಮಾಡುವ ಇಂದಿನ ವ್ಯವಸ್ಥೆಗಳೆಲ್ಲ ಈ ಎರಡನೆಯ ಪ್ರಶ್ನೆಯ ಮೇಲೆ ನಿಂತಿವೆ. ವರದಿ ಎಂದರೆ ಫಿರ್ಯಾದಲ್ಲ, ಅದು ಸಾಕ್ಷಿ.

ಆದರೆ ಲೋಕಕ್ಕೆ ಈ ಬುದ್ಧಿ ಬರಲು ಇನ್ನೂ ದೊಡ್ಡ ಬೆಲೆ ತೆರಬೇಕಾಯಿತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಔಷಧ ಮಾರಾಟಕ್ಕೆ ಬಂದಿತು. ನಿರಪಾಯಕಾರಿ ಎಂದು ಹೆಸರಾದ ಅದನ್ನು ಅನೇಕ ದೇಶಗಳ ಗರ್ಭಿಣಿಯರು ವಾಕರಿಕೆಗಾಗಿಯೂ ತೆಗೆದುಕೊಂಡರು. ಹತ್ತು ಸಾವಿರಕ್ಕೂ ಮಿಕ್ಕು ಮಕ್ಕಳು ಕೈಕಾಲುಗಳು ಮೊಟಕಾಗಿ, ಅಂಗವಿಕಲರಾಗಿ ಹುಟ್ಟಿದರು. 1961ರಲ್ಲಿ ಹ್ಯಾಂಬುರ್ಗಿನ ವಿಡುಕಿಂಡ್ ಲೆಂಟ್ಸ್ ಮತ್ತು ಆಸ್ಟ್ರೇಲಿಯದ ವಿಲಿಯಂ ಮೆಕ್‌ಬ್ರೈಡ್ ಎಂಬ ವೈದ್ಯರು ಬೇರೆ ಬೇರೆಯಾಗಿ ಇದನ್ನು ಗುರುತಿಸಿ ಕೂಗಿ ಹೇಳಿದರು. ಅಷ್ಟು ವರ್ಷ ಬಿಡಿಬಿಡಿಯಾಗಿ ಇಂತಹ ಮಕ್ಕಳನ್ನು ಕಂಡ ವೈದ್ಯರು ಎಷ್ಟೋ ಮಂದಿ. ತಾವು ಕಂಡದ್ದನ್ನು ಒಂದೆಡೆ ಸೇರಿಸುವ ಜಾಗ ಮಾತ್ರ ಇರಲಿಲ್ಲ. ಆಮೇಲೆ 1964ರಲ್ಲಿ ಬ್ರಿಟನ್ನಿನಲ್ಲಿ ವೈದ್ಯರು ಔಷಧದ ತೊಂದರೆಗಳನ್ನು ತಿಳಿಸಲು ಹಳದಿ ಕಾರ್ಡಿನ ಪದ್ಧತಿ ಬಂದಿತು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ದೇಶಗಳ ವರದಿಗಳನ್ನು ಒಂದುಗೂಡಿಸುವ ಕಾರ್ಯಕ್ಕೆ ಕೈಹಾಕಿತು. 1978ರಿಂದ ಆ ಕೆಲಸ ಸ್ವೀಡನ್ನಿನ ಉಪ್ಸಾಲಾ ನಗರದಲ್ಲಿ ನಡೆಯುತ್ತಿದೆ.

ನಮ್ಮ ಮುಂಬಯಿಗೂ ಮತ್ತೊಂದು ಪಾಠ ಕಾದಿತ್ತು. ಹಾಫ್‌ಕಿನ್ ತನ್ನ ಪ್ಲೇಗಿನ ಲಸಿಕೆಯನ್ನು ತಯಾರಿಸಿದ ಗ್ರಾಂಟ್ ಕಾಲೇಜಿಗೆ ಸೇರಿದ ಜೆ.ಜೆ. ಆಸ್ಪತ್ರೆಯಲ್ಲಿಯೇ 1986ರ ಆರಂಭದಲ್ಲಿ, ಔಷಧವಾಗಿ ಕೊಟ್ಟ ಗ್ಲಿಸರಾಲಿನಿಂದ 14 ರೋಗಿಗಳು ಮೂತ್ರಪಿಂಡಗಳು ಕೆಟ್ಟು ಸತ್ತರು. ಆ ಗ್ಲಿಸರಾಲಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕಾರ್ಖಾನೆಗಳ ವಿಷದ್ರವ ಬೆರೆತಿತ್ತು. ನೋಡಲು ಎರಡೂ ಒಂದೇ ತೆರನಾಗಿ ಮಂದವಾಗಿ, ಸಿಹಿಯಾಗಿ ಇರುತ್ತವೆ. ಇದೇ ವಿಷ 1937ರಲ್ಲಿ ಅಮೇರಿಕದಲ್ಲಿ ಒಂದು ಪಾನಕದಂತಹ ಔಷಧದಲ್ಲಿ ಸೇರಿ ನೂರಕ್ಕೂ ಹೆಚ್ಚು ಜನರನ್ನು ಕೊಂದು, ಮರುವರ್ಷ ಅಲ್ಲಿಯ ಔಷಧ ಕಾನೂನನ್ನೇ ಬದಲಿಸಿತ್ತು. ಅಲ್ಲಿ ಕಲಿತ ಪಾಠ ಅರ್ಧ ಶತಮಾನ ಕಳೆದರೂ ಇಲ್ಲಿಗೆ ಮುಟ್ಟಿರಲಿಲ್ಲ. ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗ ಇದನ್ನು ವಿಚಾರಿಸಿ 1988ರಲ್ಲಿ ಕಟುವಾದ ವರದಿಯನ್ನು ಕೊಟ್ಟಿತು.

1998ರಲ್ಲಿ ಭಾರತ ಉಪ್ಸಾಲಾದ ಕಾರ್ಯದಲ್ಲಿ ಕೂಡಿಕೊಂಡಿತು. ಆಗ ಆರಿಸಿದ ಕೇಂದ್ರಗಳಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯೂ ಒಂದು, ಅದು ಹಾಫ್‌ಕಿನ್ ಸಂಸ್ಥೆಯ ರಸ್ತೆಯಲ್ಲಿಯೇ ಇದೆ. 2010ರಲ್ಲಿ ದೇಶವ್ಯಾಪಿಯಾದ ಔಷಧ ಜಾಗರೂಕತಾ ಕಾರ್ಯಕ್ರಮ ಆರಂಭವಾಯಿತು. 2011ರಿಂದ ಅದರ ಸೂತ್ರ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದ ಕೈಯಲ್ಲಿದೆ. 2015ರಲ್ಲಿ ವೈದ್ಯಕೀಯ ಉಪಕರಣಗಳಿಗೂ ಇಂತಹದೇ ಕಾರ್ಯಕ್ರಮ ಬಂದಿತು. ಹೃದಯದೊಳಗೆ ಇಡುವ ಸ್ಟೆಂಟು, ಸೊಂಟದಲ್ಲಿ ಕೂಡಿಸುವ ಕೃತಕ ಕೀಲು, ಸಕ್ಕರೆ ಅಳೆಯುವ ಯಂತ್ರ ಮೊದಲಾದವು ಅದರ ವ್ಯಾಪ್ತಿಗೆ ಬರುತ್ತವೆ. ವೈದ್ಯರು, ದಾದಿಯರು, ಔಷಧಿ ಅಂಗಡಿಯವರು ಮಾತ್ರವಲ್ಲದೆ ರೋಗಿಯೂ ಅವನ ಮನೆಯವರೂ ನೇರವಾಗಿ ವರದಿ ಮಾಡಬಹುದು. 1800-180-3024 ಎಂಬ ಸಂಖ್ಯೆಗೆ ಖರ್ಚಿಲ್ಲದೆ ದೂರವಾಣಿ ಮಾಡಿಯೂ ತಿಳಿಸಬಹುದು. ಹೇಳಿದವರ ಹೆಸರನ್ನು ಗುಟ್ಟಾಗಿಡುತ್ತಾರೆ.

ಇಲ್ಲಿ ಒಂದು ಸಂದೇಹ ಏಳಬಹುದು. ಮಾತ್ರೆ ನುಂಗಿದ ಮೇಲೆ ಬಂದ ತಲೆನೋವೆಲ್ಲ ಮಾತ್ರೆಯದೇ ಎಂದು ಹೇಗೆ ಹೇಳುವುದು? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆ ನಮ್ಮಲ್ಲಿಲ್ಲವೆ? ನಿಜ. ಒಂದು ಮರದಲ್ಲಿ ಒಂದು ಕಾಗೆ ಕುಳಿತು ಒಂದು ಕೊಂಬೆ ಮುರಿದರೆ ಅದು ಆಕಸ್ಮಿಕ. ಆದರೆ ಊರೂರಿನಲ್ಲಿಯೂ ಅದೇ ಜಾತಿಯ ಕಾಗೆ ಕುಳಿತಲ್ಲೆಲ್ಲ ಕೊಂಬೆ ಮುರಿಯುತ್ತ ಬಂದರೆ ಕಾಗೆಯನ್ನು ವಿಚಾರಿಸಬೇಕಾಗುತ್ತದೆ. ಊರೂರಿನ ಸುದ್ದಿ ಒಂದೆಡೆ ಸೇರಿದರೆ ತಾನೆ ಅದು ಗೊತ್ತಾಗುವುದು! ಆದುದರಿಂದ ತೊಂದರೆಗೆ ಔಷಧವೇ ಕಾರಣವೆಂದು ಸಿದ್ಧಪಡಿಸುವ ಹೊಣೆ ಹೇಳುವವನದಲ್ಲ. ಅನುಮಾನ ಬಂದರೆ ತಿಳಿಸಿದರೆ ಸಾಕು, ತೂಗಿ ನೋಡುವುದು ತಿಳಿದವರ ಕೆಲಸ. ಹಾಗೆಂದು ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸಬಾರದು. ಪಂಜಾಬಿನ ಜನ ಸೂಜಿಗೆ ಹೆದರಿ ಪ್ಲೇಗಿಗೆ ಸಿಕ್ಕಿದ ಕಥೆ ಅದಾದೀತು.

ಹೊರನಾಡಿನಲ್ಲಿ ಬಾಳುವ ನಮಗೆ ಈ ವಿಷಯದಲ್ಲಿ ಇನ್ನೊಂದು ತೊಡಕುಂಟು. ಊರಿನಿಂದ ಬಂದ ತಾಯಿತಂದೆಗಳನ್ನು ಮಗನೋ ಸೊಸೆಯೋ ಇಲ್ಲಿಯ ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ವೈದ್ಯರು ಕೇಳುವುದು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ. ಹಿರಿಯರು ಹೇಳುವುದು ಕನ್ನಡದಲ್ಲಿ: ಕಾಲು ಜೋಮು ಹಿಡಿಯುತ್ತದೆ, ಹೊಟ್ಟೆಯಲ್ಲಿ ಸಂಕಟ, ಮೈಯೆಲ್ಲ ಕಸಿವಿಸಿ, ಕಣ್ಣು ಕತ್ತಲೆ ಬರುತ್ತದೆ. ಇವೆಲ್ಲ ಬೇರೆ ಬೇರೆ ಬಾಧೆಗಳು. ನಡುವೆ ನಿಂತ ಮಕ್ಕಳು ಆತುರದಲ್ಲಿ ಎಲ್ಲವನ್ನೂ 'ಸುಸ್ತು' ಎಂಬ ಒಂದೇ ಮಾತಿಗೆ ಇಳಿಸಿಬಿಡುತ್ತಾರೆ. ಹೀಗೆ ಒಂದು ಸಾಕ್ಷಿ ಕಳೆದುಹೋಗುತ್ತದೆ. ತಾಯ್ನುಡಿಯನ್ನು ಉಳಿಸಿಕೊಳ್ಳುವುದು ಕವಿತೆಗೂ ಹಾಡಿಗೂ ಮಾತ್ರ ಬೇಕೆಂದು ತಿಳಿದವರು ಇದನ್ನು ಯೋಚಿಸಬೇಕು. ಮೈಯ ನೋವನ್ನು ಮನುಷ್ಯ ತಾಯ್ನುಡಿಯಲ್ಲಿ ಹೇಳಿದಷ್ಟು ಖಚಿತವಾಗಿ ಬೇರೆ ನುಡಿಯಲ್ಲಿ ಹೇಳಲಾರನು. ಸಂತೋಷದ ಸಂಗತಿಯೆಂದರೆ, ರೋಗಿಗಳು ತಾವೇ ತುಂಬುವ ವರದಿಯ ನಮೂನೆಯನ್ನು ಹಿಂದಿ, ಮರಾಠಿ, ತಮಿಳು, ತೆಲುಗುಗಳೊಡನೆ ಕನ್ನಡದಲ್ಲಿಯೂ ಹೊರತಂದಿದ್ದಾರೆ. ಕನ್ನಡ ಸಂಘಗಳು ತಮ್ಮ ವಾಚನಾಲಯಗಳಲ್ಲಿ ವೃತ್ತಪತ್ರಿಕೆಗಳ ಪಕ್ಕದಲ್ಲಿ ಈ ನಮೂನೆಗಳನ್ನು ಇಟ್ಟರೆ, ತುಂಬಲಾರದ ಹಿರಿಯರಿಗೆ ನಮ್ಮ ತರುಣ ತರುಣಿಯರು ಕುಳಿತು ತುಂಬಿಕೊಟ್ಟರೆ, ಅದೂ ನಾಡಸೇವೆಯೇ.

ಕೊನೆಯದಾಗಿ ಮತ್ತೆ ಸೀಸೆಯ ಅಂಕಿಯ ಮಾತು. ಪ್ರತಿಯೊಂದು ಔಷಧದ ಪಟ್ಟಿಯ ಮೇಲೂ, ಪೆಟ್ಟಿಗೆಯ ಮೇಲೂ ತಯಾರಿಕೆಯ ತಂಡದ ಸಂಖ್ಯೆಯನ್ನು ಅಚ್ಚು ಹಾಕಿರುತ್ತಾರೆ; ಬ್ಯಾಚ್ ನಂಬರು ಎನ್ನುವುದು ಅದನ್ನೇ. ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ನಾಲ್ಕೆಂಟು ಮಾತ್ರೆ ಕೊಂಡಾಗ ಆ ಸಂಖ್ಯೆ ಅಂಗಡಿಯಲ್ಲಿಯೇ ಉಳಿದುಹೋಗುವುದುಂಟು. ಊರಿಗೆ ಹೋಗುವಾಗ ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬಿಕೊಂಡರೆ ಅದು ಕಸದ ಬುಟ್ಟಿಗೆ ಸೇರುತ್ತದೆ. ಔಷಧ ಮುಗಿಯುವವರೆಗೆ ಸಂಖ್ಯೆಯಿರುವ ತುಣುಕನ್ನು ಕಾದಿಡುವುದು, ಅಂಗಡಿಯ ಚೀಟಿಯನ್ನು ಜೋಪಾನವಾಗಿಡುವುದು, ದೇಹದೊಳಗೆ ಉಪಕರಣವೇನಾದರೂ ಇಟ್ಟಿದ್ದರೆ ಆಸ್ಪತ್ರೆಯವರು ಕೊಟ್ಟ ಅದರ ಚೀಟಿಯನ್ನು ಮನೆಯ ಕಾಗದಪತ್ರಗಳೊಡನೆ ಸೇರಿಸುವುದು ಯಾವ ಗೃಹಿಣಿಗೂ ಕಷ್ಟದ ಕೆಲಸವಲ್ಲ. ಮುಲ್ಕೋವಾಲದ ಆ ಹತ್ತೊಂಬತ್ತು ಜನರ ಹೆಸರು ಹೇಳುವವರು ಇಂದು ಯಾರೂ ಇಲ್ಲ. ಅವರು ಸತ್ತದ್ದು ಯಾವುದರಿಂದ ಎಂಬುದಾದರೂ ಲೋಕಕ್ಕೆ ತಿಳಿದದ್ದು, ಯಾರೋ ಒಬ್ಬ ಗುಮಾಸ್ತ ಅಂದು ಬೇಸರಪಡದೆ ಒಂದು ಅಂಕಿಯನ್ನು ಬರೆದಿಟ್ಟಿದ್ದರಿಂದ.